ಸರ್, ನೀವೀಗ ಬರಬೇಕು

ರಾತ್ರಿ ಎರಡೂವರೆ. ಸರ್ಜರಿ ವಾರ್ಡಿನ ಸ್ಟಾಫ್ ನರ್ಸ್ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡುತ್ತಾರೆ.

"ಸರ್, ಏಳನೇ ಬೆಡ್ ಪೇಷಂಟ್ ಸ್ವಲ್ಪ ಡಲ್ ಇದಾರೆ. ಬಿಪಿ ಸ್ವಲ್ಪ ಕಡಿಮೆ ಇದೆ."

"ಎಷ್ಟಿದೆ?"

"ತೊಂಬತ್ತು, ಸರ್."

"ಸರಿ, ಒಂದು ಪಿಂಟ್ ಎನ್‌ಎಸ್ ಹಾಕಿ. ನೋಡ್ತಾ ಇರಿ."

ಫೋನ್ ಕಟ್ಟಾಗುತ್ತದೆ.

ಇದು ಉದಾಹರಣೆಗೆಂದು ಕಟ್ಟಿದ ಮಾತುಕತೆ. ಆದರೆ ರಾತ್ರಿಪಾಳಿ ಮಾಡಿದ ಯಾರಿಗೂ ಅಪರಿಚಿತವೆನಿಸದು. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಯಾರೂ ಕೆಲಸ ತಪ್ಪಿಸಿಲ್ಲ. ನರ್ಸ್ ತಿಳಿಸಿದ್ದಾರೆ, ಡಾಕ್ಟರು ಆರ್ಡರ್ ಕೊಟ್ಟಿದ್ದಾರೆ. ಬೆಳಗಾಗುವಷ್ಟರಲ್ಲಿ ರೋಗಿಯನ್ನು ಐಸಿಯುಗೆ ಒಯ್ಯಬೇಕಾಗಿ ಬಂದರೆ ಇಬ್ಬರ ಹತ್ತಿರವೂ ಸಮಜಾಯಿಷಿ ತಯಾರಿರುತ್ತದೆ: "ನಾನು ಇನ್‌ಫಾರ್ಮ್ ಮಾಡಿದ್ದೆ", "ನನಗೆ ಹೇಳಿದ್ದೇ ಅಷ್ಟು". ರೋಗಿಗೆ ಹಿಂದಿನ ದಿನವಷ್ಟೇ ಕರುಳು ತೂತಾಗಿ ಆಪರೇಷನ್ ಆಗಿತ್ತು, ನಾಲ್ಕು ತಾಸಿನಿಂದ ಮೂತ್ರ ಸರಿಯಾಗಿ ಬಂದಿರಲಿಲ್ಲ, ಕೈಕಾಲು ತಣ್ಣಗಾಗಿದ್ದವು. ಇಷ್ಟೂ ನರ್ಸಿನ ಕಣ್ಣಿಗೆ ಬಿದ್ದಿತ್ತು, ಫೋನಿಗೆ ಬರಲಿಲ್ಲ. ‘ಬನ್ನಿ’ ಎಂಬ ಮಾತಂತೂ ಬರಲೇ ಇಲ್ಲ.

ಆಸ್ಪತ್ರೆಯೊಳಗಿನ ಮಾತಿಗೊಂದು ಕ್ರಮ ಬೇಕು ಎನ್ನುವವರು ಸಾಮಾನ್ಯವಾಗಿ ಕೊಡುವ ಕಾರಣ, ಮಾಹಿತಿ ಪೂರ್ತಿಯಾಗಿ ತಲುಪಲಿ ಎಂಬುದು. ಅದು ನಿಜ, ಆದರೆ ಅರ್ಧ ನಿಜ. ಕ್ರಮದ ದೊಡ್ಡ ಉಪಯೋಗ ಬೇರೆ ಇದೆ: ಕಿರಿಯರು ಹಿರಿಯರ ಮುಂದೆ ಅಂಜದೆ ಬೇಡಿಕೆ ಇಡಲು ಅದು ದಾರಿ ಮಾಡಿಕೊಡುತ್ತದೆ. ನಮ್ಮಲ್ಲಿ ನರ್ಸ್ ಡಾಕ್ಟರಿಗೆ, ಇಂಟರ್ನ್ ಪಿಜಿಗೆ, ಪಿಜಿ ಕನ್ಸಲ್ಟೆಂಟಿಗೆ ಹೀಗೆ ಮಾಡಿ ಎಂದು ಹೇಳುವುದು ಉದ್ಧಟತನವೆಂಬ ಭಾವನೆ ಆಳವಾಗಿದೆ. ಹಾಗಾಗಿ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿ, ಉಳಿದದ್ದನ್ನು ಅವರೇ ಅರ್ಥ ಮಾಡಿಕೊಳ್ಳಲಿ ಎಂದು ಬಿಡುತ್ತೇವೆ. ಈ ಲೇಖನ ಮುಖ್ಯವಾಗಿ ವಾರ್ಡಿನಲ್ಲಿ ಕೆಲಸ ಮಾಡುವವರಿಗೆ. ಕೊನೆಯ ಭಾಗ ಬೆಡ್ಡಿನ ಪಕ್ಕ ಸ್ಟೂಲಿನ ಮೇಲೆ ಕೂರುವ ಮನೆಯವರಿಗೆ.

ನಾಲ್ಕು ಮೆಟ್ಟಿಲ ಫೋನ್ ಕಾಲ್

ಎಸ್‌ಬಾರ್ ಎಂಬ ಪದ್ಧತಿಯನ್ನು ನರ್ಸಿಂಗ್ ಓದಿದವರು ಕೇಳಿರುತ್ತಾರೆ. ಇದು ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಅಮೆರಿಕದ ನೌಕಾಪಡೆಯ ಅಣುಶಕ್ತಿ ಸಬ್‌ಮರೀನುಗಳಲ್ಲಿ. ಅಲ್ಲಿ ಸೇವೆ ಸಲ್ಲಿಸಿದ್ದ ಡಗ್ ಬೊನಾಕಮ್, ಅರಿವಳಿಕೆ ತಜ್ಞ ಮೈಕೆಲ್ ಲೆನಾರ್ಡ್ ಮತ್ತು ಅವರ ಸಹೋದ್ಯೋಗಿಗಳು ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸಂಸ್ಥೆಯ ಮೂಲಕ ಅದನ್ನು ವಾರ್ಡಿಗೆ ತಂದರು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ರೋಗಿ ಸುರಕ್ಷತೆಯ ಒಂಬತ್ತು ಪರಿಹಾರಗಳಲ್ಲಿ ಪಾಳಿ ಹಸ್ತಾಂತರದ ಮಾತುಕತೆಯೂ ಒಂದು. ಅದಕ್ಕೆ ಸೂಚಿಸಿದ್ದು ಇದೇ ಪದ್ಧತಿಯನ್ನು.

ಮೆಟ್ಟಿಲು ನಾಲ್ಕೇ. ಈಗ ಏನಾಗುತ್ತಿದೆ, ಹಿನ್ನೆಲೆ ಏನು, ನನಗೇನನಿಸುತ್ತದೆ, ನಿಮ್ಮಿಂದ ಏನಾಗಬೇಕು. ಅದೇ ಏಳನೇ ಬೆಡ್ಡಿನ ಕರೆಯನ್ನು ಈ ಕ್ರಮದಲ್ಲಿ ಮಾಡಿದರೆ ಹೀಗಿರುತ್ತದೆ:

"ಸರ್, ಸರ್ಜರಿ ವಾರ್ಡಿಂದ ಸ್ಟಾಫ್ ನರ್ಸ್ ಶೋಭಾ ಮಾತಾಡ್ತಿದೀನಿ. ಏಳನೇ ಬೆಡ್ ಪೇಷಂಟ್ ಬಿಪಿ 90/60, ಪಲ್ಸ್ 124, ಉಸಿರಾಟ ನಿಮಿಷಕ್ಕೆ 28. ಈಗ ಐದು ನಿಮಿಷದ ಹಿಂದೆ ನಾನೇ ನೋಡಿದ್ದು. ಐವತ್ತೆಂಟು ವರ್ಷ, ಶುಗರ್ ಇದೆ, ನಿನ್ನೆ ಮಧ್ಯಾಹ್ನ ಪರ್ಫೊರೇಷನ್‌ಗೆ ಆಪರೇಷನ್ ಆಗಿದೆ. ಹತ್ತು ಗಂಟೆಗೆ ಬಿಪಿ 126/80 ಇತ್ತು. ನಾಲ್ಕು ಗಂಟೇಲಿ ಯೂರಿನ್ 40 ಎಂಎಲ್ ಬಂದಿದೆ. ಹೊಟ್ಟೆ ಉಬ್ಬಿದೆ, ಕೈಕಾಲು ತಣ್ಣಗಿದೆ. ಒಳಗೆ ಬ್ಲೀಡ್ ಆಗ್ತಿದೆಯೋ ಸೆಪ್ಸಿಸ್ಸೋ ನನಗೆ ಹೇಳಕ್ಕಾಗಲ್ಲ, ಆದರೆ ಶಾಕ್‌ಗೆ ಹೋಗ್ತಿದಾರೆ ಅನಿಸ್ತಿದೆ. ನೀವು ಈಗಲೇ ಬಂದು ನೋಡಬೇಕು ಸರ್. ಬರೋವರೆಗೆ ಆಕ್ಸಿಜನ್ ಹಾಕಿ ಫ್ಲೂಯಿಡ್ ಶುರು ಮಾಡಲಾ? ಬ್ಲಡ್ ಕ್ರಾಸ್‌ಮ್ಯಾಚ್‌ಗೆ ಕಳಿಸಲಾ?"

ಓದಿ ನೋಡಿ, ಒಂದು ನಿಮಿಷವೂ ಹಿಡಿಯುವುದಿಲ್ಲ. ಇಲ್ಲಿ ಬಿಪಿ ತೊಂಬತ್ತು ಎನ್ನುವುದಕ್ಕಿಂತ ಹತ್ತು ಗಂಟೆಗೆ ಅದು 126 ಇತ್ತು ಎಂಬುದು ಹೆಚ್ಚು ಹೇಳುತ್ತದೆ. ಒಂದೇ ಅಂಕಿ ಕೊಟ್ಟರೆ ಕೇಳುವವರು ಅದಕ್ಕೊಂದು ಪಿಂಟ್ ಹಾಕಿಸುತ್ತಾರೆ. ಇಳಿಜಾರು ತೋರಿಸಿದರೆ ಎದ್ದು ಬರುತ್ತಾರೆ. ‘ಸ್ವಲ್ಪ’ ಎಂಬುದು ಒಂದು ಸಲವೂ ಇಲ್ಲ. ಮನೆಯಲ್ಲಿ ಅದು ಒಳ್ಳೆಯ ನಡವಳಿಕೆ ಇರಬಹುದು, ವಾರ್ಡಿನ ಫೋನಿನಲ್ಲಿ ಅಪಾಯ.

ಮೂರನೆಯ ಮೆಟ್ಟಿಲಲ್ಲಿ ಬಹಳ ಜನ ಎಡವುತ್ತಾರೆ. "ಡಯಾಗ್ನೋಸಿಸ್ ಹೇಳೋದು ನಮ್ಮ ಕೆಲಸ ಅಲ್ಲವಲ್ಲ" ಎಂಬ ಸಂಕೋಚ ನರ್ಸುಗಳದು. ಹೇಳಬೇಕಾಗಿಯೂ ಇಲ್ಲ. "ಕಾರಣ ಗೊತ್ತಿಲ್ಲ, ಆದರೆ ಗಂಟೆಗಂಟೆಗೂ ಹದಗೆಡುತ್ತಿದ್ದಾರೆ" ಎನ್ನುವುದು ಪೂರ್ಣ ಪ್ರಮಾಣದ ಅಭಿಪ್ರಾಯ. ಎಂಟು ತಾಸು ಅದೇ ರೋಗಿಯ ಮುಖ ನೋಡಿದವರ ಅನಿಸಿಕೆಗೆ ಬೆಲೆ ಇಲ್ಲದಿದ್ದರೆ ಇನ್ನಾರದ್ದಕ್ಕೆ ಇರಬೇಕು? ನಾಲ್ಕನೆಯದಂತೂ ಬಿಟ್ಟೇ ಹೋಗುವ ಮೆಟ್ಟಿಲು. ತರಬೇತಿಯ ದಿನ ಎಲ್ಲರೂ ಹೇಳುತ್ತಾರೆ, ಮರುದಿನ ಕನ್ಸಲ್ಟೆಂಟಿನ ಧ್ವನಿ ಕೇಳಿದೊಡನೆ ಮೂರಕ್ಕೇ ನಿಂತುಬಿಡುತ್ತಾರೆ. ಹೊಸಬರಿಗೆ ನಾನು ಕೊಡುವ ಸಲಹೆ: ನಾಲ್ಕನೆಯದನ್ನು ಮೊದಲು ಚೀಟಿಯಲ್ಲಿ ಬರೆದುಕೊಳ್ಳಿ, ಆಮೇಲೆ ಫೋನ್ ಎತ್ತಿ. ಏನು ಬೇಕು ಎಂದು ನಿಮಗೇ ಸ್ಪಷ್ಟವಿಲ್ಲದಿದ್ದರೆ ಅದನ್ನೂ ಹಾಗೆಯೇ ಹೇಳಿ: "ಏನು ಮಾಡಬೇಕು ಗೊತ್ತಾಗ್ತಿಲ್ಲ, ಬಂದು ನೋಡಿ."

ಫೋನಿಗೆ ಮುಂಚೆ ಕೈಯಲ್ಲಿರಬೇಕಾದದ್ದು ಕೇಸ್‌ಶೀಟ್, ಔಷಧಿ ಚಾರ್ಟ್, ಅಲರ್ಜಿ ವಿವರ, ಆಗಷ್ಟೇ ನೀವೇ ನೋಡಿದ ಬಿಪಿ, ಪಲ್ಸ್, ಉಸಿರಾಟ, ಆಕ್ಸಿಜನ್ ಮಟ್ಟ. ಉಸಿರಾಟವನ್ನು ಎಣಿಸಿಯೇ ಬರೆಯಿರಿ. ಚಾರ್ಟುಗಳಲ್ಲಿ ಎಲ್ಲರಿಗೂ 20 ಎಂದೇ ಬರೆದಿರುವುದನ್ನು ನೋಡಿದರೆ ಯಾರೂ ಎಣಿಸಿಲ್ಲವೆಂದು ಗೊತ್ತಾಗುತ್ತದೆ. ಹಾಗೆಂದು, ರೋಗಿ ಕಣ್ಣೆದುರೇ ಕುಸಿಯುತ್ತಿದ್ದರೆ ಚೀಟಿ ಬರೆಯುತ್ತ ಕೂರುವುದಲ್ಲ, ಕೂಗಿ ಜನ ಕರೆಯುವುದೇ ಸರಿ.

ಇದರಲ್ಲಿ ಕೇಳುವವರ ಪಾಲೂ ಇದೆ. ಫೋನ್ ಎತ್ತಿದ ಡಾಕ್ಟರು ಒಂದೇ ಒಂದು ಪ್ರಶ್ನೆ ರೂಢಿಸಿಕೊಂಡರೆ ಸಾಕು: "ನಿಮಗೇನನಿಸುತ್ತೆ ಸಿಸ್ಟರ್, ನಾನು ಬರಬೇಕಾ?" ನಿದ್ದೆಗಣ್ಣಿನಲ್ಲಿ ಸಿಡುಕುವ ಒಂದು ಮಾತು ಮುಂದಿನ ಆರು ತಿಂಗಳು ಆ ವಾರ್ಡಿನಿಂದ ಬರಬೇಕಾದ ಕರೆಗಳನ್ನು ತಡೆಯುತ್ತದೆ.

ಗೊತ್ತಿದ್ದೂ ಹೇಳಲಾಗದ ಹೊತ್ತು

2005ರ ಮಾರ್ಚ್ 29ರಂದು ಇಂಗ್ಲೆಂಡಿನಲ್ಲಿ ಎಲೇನ್ ಬ್ರಾಮಿಲಿ ಎಂಬ 37 ವರ್ಷದ ಮಹಿಳೆ ಸೈನಸ್ ಆಪರೇಷನ್ನಿಗೆಂದು ದಾಖಲಾದರು. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ತೆರೆಯಲಿಲ್ಲ. ಮೂವರು ಅನುಭವಿ ಕನ್ಸಲ್ಟೆಂಟುಗಳು ಕೋಣೆಯಲ್ಲಿದ್ದರು. ಗಂಟಲಿಗೆ ಟ್ಯೂಬ್ ಹಾಕುವ ಪ್ರಯತ್ನದಲ್ಲೇ ಅವರು ಮುಳುಗಿಹೋದರು, ಇತ್ತ ಆಕ್ಸಿಜನ್ ಮಟ್ಟ ಬಹಳ ಹೊತ್ತು ಅಪಾಯಕಾರಿಯಾಗಿ ಕೆಳಗೇ ಇತ್ತು. ಅಂಥ ಹೊತ್ತಿನಲ್ಲಿ ಕತ್ತಿನ ಮುಂಭಾಗದಲ್ಲಿ ಕೊಯ್ದು ದಾರಿ ಮಾಡಬೇಕೆಂಬುದು ಗೊತ್ತಿರುವ ವಿಧಾನ. ಒಬ್ಬ ನರ್ಸ್ ಅದಕ್ಕೆ ಬೇಕಾದ ಟ್ರೆಕಿಯಾಸ್ಟಮಿ ಸೆಟ್ ತಂದು, ಇಲ್ಲಿದೆ ಎಂದು ಹೇಳಿದರು. ಇನ್ನೊಬ್ಬರು ಹೊರಗೆ ಹೋಗಿ ಐಸಿಯು ಬೆಡ್ ಕಾದಿರಿಸಿ ಬಂದರು. ಕನ್ಸಲ್ಟೆಂಟುಗಳ ಮುಖಭಾವ ನೋಡಿ, ತಾನೇ ಅತಿ ಮಾಡಿದೆನೇನೋ ಎನಿಸಿ ಅದನ್ನು ರದ್ದು ಮಾಡಿದರು. ಎಲೇನ್ ಎಚ್ಚರಗೊಳ್ಳಲೇ ಇಲ್ಲ. ಹದಿಮೂರು ದಿನಗಳ ನಂತರ ತೀರಿಕೊಂಡರು.

ಅವರ ಗಂಡ ಮಾರ್ಟಿನ್ ಬ್ರಾಮಿಲಿ ವಿಮಾನದ ಪೈಲಟ್. ವಿಮಾನ ಬಿದ್ದರೆ ಯಾರನ್ನು ಹಿಡಿಯಬೇಕು ಎಂದಲ್ಲದೆ ಹೀಗೇಕಾಯಿತು ಎಂದು ತನಿಖೆ ಮಾಡುವ ವೃತ್ತಿಯವರು. 1977ರಲ್ಲಿ ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತಾಗ, ಎದುರಿನ ವಿಮಾನ ಇನ್ನೂ ರನ್‌ವೇಯಲ್ಲೇ ಇದೆಯೇನೋ ಎಂದು ಫ್ಲೈಟ್ ಎಂಜಿನಿಯರ್ ಸಂದೇಹ ಎತ್ತಿದ್ದ, ಹಿರಿಯ ಕ್ಯಾಪ್ಟನ್ ತಳ್ಳಿಹಾಕಿದ್ದ. ಕಾಕ್‌ಪಿಟ್ಟಿನಲ್ಲಿ ಕಿರಿಯರಿಗೂ ಮಾತಾಡುವ ತರಬೇತಿ ಕೊಡಬೇಕೆಂದು ವಿಮಾನಯಾನ ರಂಗ ಕಲಿತದ್ದು ಅಂಥ ಅಪಘಾತಗಳಿಂದ. ಹೆಂಡತಿಯ ಸಾವಿನಲ್ಲೂ ಮಾರ್ಟಿನ್ ಅದೇ ರೀತಿಯ ತನಿಖೆ ಕೇಳಿ ಪಡೆದರು. 2007ರಲ್ಲಿ, ವೈದ್ಯಕೀಯದಲ್ಲಿ ಮನುಷ್ಯ ಸ್ವಭಾವದ ಪಾತ್ರವನ್ನು ಗಮನಿಸುವ ತಂಡವೊಂದನ್ನು ಕಟ್ಟಿದರು. ಆ ಇಬ್ಬರು ನರ್ಸುಗಳಿಗೆ ಏನಾಗಬೇಕೆಂದು ತಿಳಿದಿತ್ತು. ಅದನ್ನು ಹೇಳುವ ಬಗೆ ತಿಳಿದಿರಲಿಲ್ಲ.

ಇದಕ್ಕಾಗಿಯೇ ಮೂರು ವಾಕ್ಯಗಳ ಒಂದು ಏಣಿ ಇದೆ. ಅಮೆರಿಕದ ಟೀಮ್‌ಸ್ಟೆಪ್ಸ್ ತರಬೇತಿಯಲ್ಲಿ ಕಲಿಸುವಂಥದ್ದು. ಕನ್ನಡದಲ್ಲಿ ಹೀಗೆ ಹೇಳಿಕೊಳ್ಳಬಹುದು. ಮೊದಲು: "ಸರ್, ನನಗೆ ಇದರ ಬಗ್ಗೆ ಆತಂಕ ಇದೆ." ಕೇಳಿಸಿಕೊಳ್ಳಲಿಲ್ಲವೇ? "ಸರ್, ಇದು ನನಗೆ ಸರಿ ಕಾಣ್ತಿಲ್ಲ." ಆಗಲೂ ಇಲ್ಲವೇ? "ಸರ್, ಇದು ಪೇಷಂಟಿಗೆ ಅಪಾಯ. ಒಂದು ನಿಮಿಷ ನಿಲ್ಲಿಸೋಣ." ಮೂರರಲ್ಲೂ ‘ಸರ್’ ಇದೆ, ಗಮನಿಸಿ. ಮರ್ಯಾದೆ ಬಿಡಬೇಕಾಗಿಲ್ಲ. ಎರಡು ಸಲ ಹೇಳಿದರೂ ಉತ್ತರ ಬರದಿದ್ದರೆ ಅವರ ಮೇಲಿನವರಿಗೆ ತಿಳಿಸುವುದು ಚಾಡಿಯಲ್ಲ ಎಂದು ಆಸ್ಪತ್ರೆಯೇ ಬರೆದು ಕೊಡಬೇಕು. ಯಾರಿಗೆ, ಯಾವ ನಂಬರಿಗೆ ಎಂಬುದು ನರ್ಸಿಂಗ್ ಸ್ಟೇಷನ್ನಿನ ಗೋಡೆಯ ಮೇಲಿರಬೇಕು. ಆಡಳಿತದ ಬೆನ್ನಿಲ್ಲದೆ ಈ ವಾಕ್ಯಗಳನ್ನು ಬರೀ ಬಾಯಿಪಾಠ ಮಾಡಿಸಿದರೆ ಮೊದಲ ಸಲ ಬಳಸಿದ ನರ್ಸಿಗೆ ಮೆಮೋ ಬರುತ್ತದೆ, ಎರಡನೆಯವರು ಬಳಸುವುದಿಲ್ಲ.

ಪಾಳಿ ಬದಲಾಗುವಾಗ

ಬೆಳಿಗ್ಗೆ ಎಂಟಕ್ಕೆ ರಾತ್ರಿಯವರು ಮನೆಗೆ ಹೊರಡುವ ಆತುರದಲ್ಲಿರುತ್ತಾರೆ, ಬಂದವರು ರೌಂಡ್ಸಿಗೆ ತಯಾರಾಗುವ ಗಡಿಬಿಡಿಯಲ್ಲಿ. "ಎಲ್ಲ ಸ್ಟೇಬಲ್, ಹತ್ತನೇ ಬೆಡ್ ಡಿಸ್ಚಾರ್ಜ್, ಹನ್ನೊಂದು ಸ್ಕ್ಯಾನಿಂಗ್" ಎಂಬಲ್ಲಿಗೆ ಹ್ಯಾಂಡೋವರ್ ಮುಗಿಯುತ್ತದೆ.

ಮಕ್ಕಳ ವಿಭಾಗದ ಕಿರಿಯ ವೈದ್ಯರಿಗಾಗಿ ರೂಪಿಸಿದ ಐ-ಪಾಸ್ ಎಂಬ ಕ್ರಮವನ್ನು ಅಮೆರಿಕ ಮತ್ತು ಕೆನಡಾದ ಒಂಬತ್ತು ತರಬೇತಿ ಕೇಂದ್ರಗಳಲ್ಲಿ 10,740 ದಾಖಲಾತಿಗಳ ಮೇಲೆ ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ವೈದ್ಯಕೀಯ ತಪ್ಪುಗಳು ಶೇ. 23ರಷ್ಟು, ತಡೆಯಬಹುದಾಗಿದ್ದ ಹಾನಿ ಶೇ. 30ರಷ್ಟು ಕಡಿಮೆಯಾಗಿದ್ದವು. ನಮಗೆ ಇನ್ನೂ ಮುಖ್ಯವಾದ ಅಂಶ: ಮಾತಿನ ಹ್ಯಾಂಡೋವರಿಗೆ ಹಿಡಿಯುವ ಸಮಯ ಹೆಚ್ಚಲಿಲ್ಲ, ಮೊದಲೂ ನಂತರವೂ ರೋಗಿಯೊಬ್ಬರಿಗೆ ಸುಮಾರು ಎರಡೂವರೆ ನಿಮಿಷ. "ಟೈಮ್ ಎಲ್ಲಿದೆ?" ಎಂಬ ಆಕ್ಷೇಪಕ್ಕೆ ಇದೇ ಉತ್ತರ.

ಅದರ ಸಾರ ಇಷ್ಟು. ಮೊದಲು ಯಾರು ಹೆಚ್ಚು ಚಿಂತೆಯ ರೋಗಿ ಎಂದು ಹೇಳಿ. ಒಂದನೇ ಬೆಡ್ಡಿನಿಂದ ಶುರು ಮಾಡುವ ಅಭ್ಯಾಸ ಬಿಡಿ, ಇಪ್ಪತ್ತನೇ ಬೆಡ್ಡಿಗೆ ಬರುವಷ್ಟರಲ್ಲಿ ಕೇಳುವವರ ಗಮನ ಚಹಾದ ಕಡೆಗಿರುತ್ತದೆ. ಆಮೇಲೆ ರೋಗಿಯ ಕಥೆ ಎರಡು ಮೂರು ವಾಕ್ಯದಲ್ಲಿ. ನಂತರ ಬಾಕಿ ಕೆಲಸ: ಯಾವ ರಿಪೋರ್ಟ್ ಬರಬೇಕು, ಯಾರು ನೋಡಬೇಕು, ಎಷ್ಟು ಹೊತ್ತಿಗೆ. ನಾಲ್ಕನೆಯದಾಗಿ ‘ಹೀಗಾದರೆ ಹೀಗೆ’: "ಜ್ವರ 101 ದಾಟಿದರೆ ಬ್ಲಡ್ ಕಲ್ಚರ್ ತೆಗೆದು ಪಿಜಿಗೆ ಫೋನ್ ಮಾಡಿ." ಕೊನೆಗೆ, ತಗೊಂಡವರು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಇದನ್ನು ಮಾಡಿಸುವುದು ಕಷ್ಟ, ಶಾಲೆಯ ಮಕ್ಕಳಂತೆ ಒಪ್ಪಿಸುವುದೇ ಎಂಬ ನಾಚಿಕೆ. ಆದರೆ ಹೇಳಿದವರಿಗೆ ತಾವು ಹೇಳಿದ್ದೇನು ಎಂದು ಗೊತ್ತಾಗುವುದು ಆಗಲೇ. ಸಾಧ್ಯವಿದ್ದಲ್ಲಿ ಇದು ಬೆಡ್ಡಿನ ಪಕ್ಕದಲ್ಲೇ ನಡೆಯಲಿ. ಡ್ರಿಪ್ ಎಷ್ಟು ಉಳಿದಿದೆ, ಡ್ರೈನ್‌ನಲ್ಲಿ ಏನು ಬಂದಿದೆ ಎಂಬುದನ್ನು ನಾಲ್ಕು ಕಣ್ಣು ಒಟ್ಟಿಗೆ ನೋಡಲಿ.

ಹಸ್ತಾಂತರದಲ್ಲಿ ಹಣೆಪಟ್ಟಿಯೂ ದಾಟಿಹೋಗುತ್ತದೆ, ಇದು ನಮ್ಮಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು. ಎದೆಯಲ್ಲಿ ಹಿಡಿದಂತಾಗುತ್ತಿದೆ ಎಂದು ಬಂದವರು ತಾವೇ "ಗ್ಯಾಸ್ಟ್ರಿಕ್ ಇರಬೇಕು" ಎನ್ನುತ್ತಾರೆ. ಕ್ಯಾಶುವಾಲ್ಟಿಯ ಚೀಟಿಯಲ್ಲಿ ಗ್ಯಾಸ್ಟ್ರಿಕ್ ಎಂದು ಬೀಳುತ್ತದೆ, ವಾರ್ಡಿನಲ್ಲಿ ಗ್ಯಾಸ್ಟ್ರಿಕ್ ಪೇಷಂಟ್ ಆಗುತ್ತಾರೆ, ಬೆಳಗಿನ ಪಾಳಿಗೆ ಅದೇ ರೋಗವಾಗಿರುತ್ತದೆ. ಯಾರಾದರೂ ಇಸಿಜಿ ತೆಗೆದರೇ ಎಂದು ಕೇಳುವವರಿಲ್ಲ. ಬೆಂಗಳೂರು, ಮಂಗಳೂರಿನಂಥ ಊರುಗಳಲ್ಲಿ ರೋಗಿಯ ಮಾತು ತುಳುವೋ ಉರ್ದುವೋ, ನರ್ಸಿನದು ಮಲಯಾಳ, ಡಾಕ್ಟರದು ಹಿಂದಿ ಇದ್ದರಂತೂ ನಡುವೆ ಯಾರೋ ಸಂಬಂಧಿಕರು ಅನುವಾದಿಸಿದ ಒಂದೇ ಮಾತು ಉಳಿಯುತ್ತದೆ. ರೋಗಿ ಏನೆಂದರು, ಕೈ ಎಲ್ಲಿಟ್ಟು ತೋರಿಸಿದರು ಎಂಬುದನ್ನು ಹಾಗೆಯೇ ದಾಟಿಸಿ. ಹೆಸರಿಡುವುದು ಪರೀಕ್ಷೆಯಾದ ಮೇಲೆ.

ಅಂಕಿ, ಔಷಧಿ, ನೀಲಿ ಟಿಕ್

ಫೋನಿನಲ್ಲಿ ಆರ್ಡರ್ ಬಂದರೆ ಕ್ರಮ ಒಂದೇ: ಬರೆದುಕೊಳ್ಳಿ, ಬರೆದದ್ದನ್ನು ಓದಿ ಹೇಳಿ, ಆ ಕಡೆಯವರು "ಹೌದು" ಎಂದ ಮೇಲೆ ಮಾಡಿ. ಕೇಳಿದ್ದನ್ನು ಹಾಗೇ ಗಿಳಿಯಂತೆ ತಿರುಗಿ ಹೇಳಿದರೆ ಸಾಲದು, ಕೈಯಲ್ಲಿ ಬರೆದದ್ದನ್ನೇ ಓದಬೇಕು. ಫಿಫ್ಟೀನ್, ಫಿಫ್ಟಿ ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ. "ಒನ್ ಫೈವ್", "ಫೈವ್ ಝೀರೋ" ಎಂದು ಬಿಡಿಸಿ ಹೇಳಿಸಿಕೊಳ್ಳಿ, ಇಲ್ಲವೇ ಕನ್ನಡದಲ್ಲಿ ಹದಿನೈದು, ಐವತ್ತು ಎಂದುಬಿಡಿ. ಡೋಪಮೈನ್ ಮತ್ತು ಡೊಬುಟಮೈನ್ ಅಂಥ ಇನ್ನೊಂದು ಜೋಡಿ. ಅಮೆರಿಕದಲ್ಲಿ ಲೋಸೆಕ್ ಎಂಬ ಹೊಟ್ಟೆಯ ಮಾತ್ರೆ ಲಾಸಿಕ್ಸ್ ಜೊತೆ ಗೊಂದಲವಾಗುತ್ತಿದ್ದುದರಿಂದ ಅದರ ಹೆಸರನ್ನೇ ಪ್ರೈಲೋಸೆಕ್ ಎಂದು ಬದಲಿಸಬೇಕಾಯಿತು. ನಮ್ಮಲ್ಲಿ ಒಂದೇ ಔಷಧಿಗೆ ಹತ್ತಾರು ಬ್ರ್ಯಾಂಡು, ಹಾಗಾಗಿ ಬ್ರ್ಯಾಂಡ್ ಜೊತೆ ಔಷಧಿಯ ಮೂಲ ಹೆಸರನ್ನೂ, ಯಾಕೆ ಕೊಡುತ್ತಿದ್ದೀರಿ ಎಂಬುದನ್ನೂ ಹೇಳಿಸಿಕೊಳ್ಳುವುದು ಕ್ಷೇಮ.

ಬರಹದಲ್ಲಿ ಎರಡು ಹಳೆಯ ಬಲೆಗಳಿವೆ. ಇನ್ಸುಲಿನ್ನಿಗೆ ಯೂನಿಟ್ ಎಂದು ಪೂರ್ತಿ ಬರೆಯದೆ ಇಂಗ್ಲಿಷಿನ ಒಂದಕ್ಷರ ಹಾಕಿದರೆ ಅದು ಸೊನ್ನೆಯಂತೆ ಕಂಡು 10 ಹೋಗಿ 100 ಆಗುತ್ತದೆ. 1.0 ಎಂದು ಬರೆದರೆ ಚುಕ್ಕೆ ಮಸುಕಾಗಿ 10 ಆಗುತ್ತದೆ. 1 ಎಂದಷ್ಟೇ ಬರೆಯಿರಿ. ಅರ್ಧಕ್ಕಾದರೆ ಸೊನ್ನೆ ಬಿಡದೆ 0.5. ಔಷಧಿಯ ಮೂಲ ಹೆಸರನ್ನು ಓದುವಂತೆ, ಸಾಧ್ಯವಾದಷ್ಟು ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಅಂದಿನ ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮ ಮಾಡಿತ್ತು. ಮೆಡಿಕಲ್ ಶಾಪಿನ ಹುಡುಗರಿಗೆ ಮಾತ್ರ ಅರ್ಥವಾಗುವ ಲಿಪಿ ಆಮೇಲೂ ಬಳಕೆಯಲ್ಲಿದೆ.

ವಾಟ್ಸ್‌ಆಪ್ ಬಗ್ಗೆ ಒಂದು ಮಾತು. ಈಗ ಎಲ್ಲ ಯೂನಿಟ್ಟಿಗೂ ಒಂದು ಗ್ರೂಪ್ ಇದೆ, ಪೊಟ್ಯಾಸಿಯಂ 6.8 ಎಂಬ ರಿಪೋರ್ಟಿನ ಫೋಟೊ "ಗುಡ್ ಮಾರ್ನಿಂಗ್" ಹೂಗಳ ನಡುವೆ ಬಂದು ಬೀಳುತ್ತದೆ. ಗ್ರೂಪಿನಲ್ಲಿ ನೀಲಿ ಟಿಕ್ ಬಂತೆಂದರೆ ಎಲ್ಲರೂ ತೆರೆದಿದ್ದಾರೆ ಎಂದಷ್ಟೇ. ಯಾರು ಗಮನಿಸಿದರು, ಯಾರು ಕ್ರಮ ಕೈಗೊಳ್ಳುತ್ತಾರೆ ಎಂಬುದು ಅದರಲ್ಲಿಲ್ಲ. ಪ್ರಾಣಕ್ಕೆ ಸಂಬಂಧಿಸಿದ ಫಲಿತಾಂಶವನ್ನು ಫೋನ್ ಮಾಡಿ, ಹೆಸರಿಟ್ಟು ಒಬ್ಬರಿಗೆ ಹೇಳಬೇಕು, ಹೇಳಿದ ಸಮಯವನ್ನು ಕೇಸ್‌ಶೀಟಿನಲ್ಲಿ ಬರೆಯಬೇಕು.

ಚೆಕ್‌ಲಿಸ್ಟ್ ಏನು ಮಾಡುತ್ತದೆ, ಏನು ಮಾಡದು

ಆಪರೇಷನ್ ಥಿಯೇಟರಿಗೆಂದು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಪಟ್ಟಿ ಹೊರತಂದಿತು. ಅರಿವಳಿಕೆಗೆ ಮುಂಚೆ, ಚರ್ಮ ಕೊಯ್ಯುವ ಮುಂಚೆ, ರೋಗಿ ಥಿಯೇಟರಿನಿಂದ ಹೊರಡುವ ಮುಂಚೆ, ಹೀಗೆ ಮೂರು ಕಡೆ ನಿಂತು ಗಟ್ಟಿಯಾಗಿ ಕೇಳಿ ಉತ್ತರಿಸಬೇಕು. ದೆಹಲಿಯೂ ಸೇರಿದಂತೆ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಸರ್ಜನ್ ಅತುಲ್ ಗವಾಂಡೆ ಅವರ ತಂಡ ಪರೀಕ್ಷಿಸಿದಾಗ ಸಾವು ಶೇ. 1.5ರಿಂದ 0.8ಕ್ಕೆ, ತೊಡಕುಗಳು ಶೇ. 11ರಿಂದ 7ಕ್ಕೆ ಇಳಿದವು. ಆದರೆ ಕೆನಡಾದ ಒಂಟಾರಿಯೊದಲ್ಲಿ 101 ಆಸ್ಪತ್ರೆಗಳಿಗೆ ಇದನ್ನು ಕಡ್ಡಾಯ ಮಾಡಿದ ಮೇಲೆ ಲೆಕ್ಕ ಹಾಕಿದರೆ, 2014ರ ವರದಿಯ ಪ್ರಕಾರ, ಸಾವಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ನಮ್ಮ ಮನೆಬಾಗಿಲಿನದೇ ಇನ್ನೊಂದು ಉದಾಹರಣೆ. ಹೆರಿಗೆ ಕೋಣೆಗೆಂದು ಮಾಡಿದ ಇಂಥದೇ ಪಟ್ಟಿಯ ಪ್ರಾಯೋಗಿಕ ಅಧ್ಯಯನ ನಡೆದದ್ದು ಕರ್ನಾಟಕದ ಒಂದು ಹೆರಿಗೆ ಕೇಂದ್ರದಲ್ಲಿ, 2012ರಲ್ಲಿ ಪ್ರಕಟವಾಯಿತು. ಪ್ರತಿ ಹೆರಿಗೆಯಲ್ಲೂ ಆಗಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ಆಗುತ್ತಿದ್ದವು, ಪಟ್ಟಿ ಬಂದ ಮೇಲೆ 25. ಉತ್ಸಾಹದಿಂದ ಅದನ್ನು ಉತ್ತರ ಪ್ರದೇಶದ 24 ಜಿಲ್ಲೆಗಳ 120 ಕೇಂದ್ರಗಳಿಗೆ ಒಯ್ದು, ಅರ್ಧದಷ್ಟು ಕೇಂದ್ರಗಳಲ್ಲಿ ಮಾತ್ರ ಪಟ್ಟಿಯನ್ನೂ ಮಾರ್ಗದರ್ಶಕರನ್ನೂ ಇಟ್ಟು ನಡೆಸಿದರು. ಎರಡು ತಿಂಗಳ ಹೊತ್ತಿಗೆ ಅಗತ್ಯ ಕೆಲಸಗಳು ಪಟ್ಟಿ ಇದ್ದಲ್ಲಿ ಶೇ. 72.8, ಇಲ್ಲದಲ್ಲಿ ಶೇ. 41.7 ಆಗುತ್ತಿದ್ದವು. ಆದರೂ 2017ರಲ್ಲಿ ಬಂದ ಫಲಿತಾಂಶದಲ್ಲಿ ತಾಯಿ-ಮಗುವಿನ ಸಾವುನೋವಿನ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇತ್ತು. ರಕ್ತ, ಸಿಸೇರಿಯನ್ ಮಾಡುವವರು, ಮೇಲಿನ ಆಸ್ಪತ್ರೆಗೆ ಒಯ್ಯುವ ವ್ಯವಸ್ಥೆ ಇಲ್ಲದ ಕಡೆ ಕಾಗದ ಎಷ್ಟೆಂದು ಮಾಡೀತು?

ಇದನ್ನು ಹೇಳಲು ಕಾರಣ, ಆಸ್ಪತ್ರೆ ಮಾನ್ಯತೆಯ ತಪಾಸಣೆ ಹತ್ತಿರ ಬಂದಾಗ ನಮ್ಮಲ್ಲಿ ಪಟ್ಟಿಗಳು ಕಟ್ಟುಗಟ್ಟಲೆ ಮುದ್ರಣವಾಗುತ್ತವೆ. ಮೂರೂ ಹಂತಕ್ಕೂ ಥಿಯೇಟರಿನ ಮೂಲೆಯಲ್ಲಿ ಒಬ್ಬರೇ ಕೂತು, ರೋಗಿ ಒಳಗೆ ಬರುವ ಮುಂಚೆಯೇ ಟಿಕ್ ಹಾಕಿ ಮುಗಿಸಿದ ಪಟ್ಟಿ ಇಲ್ಲದ ಪಟ್ಟಿಗಿಂತ ಕೆಟ್ಟದ್ದು, ಏಕೆಂದರೆ ಯಾರೋ ನೋಡಿದ್ದಾರೆ ಎಂಬ ಸುಳ್ಳು ಧೈರ್ಯ ಕೊಡುತ್ತದೆ. ಆ 19ರಲ್ಲಿ ಎಲ್ಲರೂ ಹಾರಿಸುವ ಅಂಶವೊಂದಿದೆ: ಕೊಯ್ಯುವ ಮುಂಚೆ ಕೋಣೆಯಲ್ಲಿರುವ ಪ್ರತಿಯೊಬ್ಬರೂ ಹೆಸರು ಮತ್ತು ಕೆಲಸ ಹೇಳಿಕೊಳ್ಳುವುದು. "ದಿನಾ ನೋಡೋ ಮುಖಗಳೇ, ಪರಿಚಯ ಬೇರೆ ಕೇಡು" ಎಂದು ನಗುತ್ತಾರೆ. ನಾನಾದರೆ ಉಳಿದ ಹದಿನೆಂಟಕ್ಕಿಂತ ಇದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ಒಮ್ಮೆ ಬಾಯಿ ತೆರೆದವರು ಎರಡನೇ ಸಲ ತೆರೆಯುವುದು ಸುಲಭ.

108ರ ಒಳಗೆ ಏನು ಕಳಿಸುತ್ತೀರಿ

ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲಾಸ್ಪತ್ರೆಗೆ ಕಳಿಸುವ ಚೀಟಿಯ ಮೇಲೆ "ಹೆಚ್ಚಿನ ಚಿಕಿತ್ಸೆಗಾಗಿ" ಎಂದಷ್ಟೇ ಇರುವುದು ಮಾಮೂಲು. ಬಿಪಿ ಏರಿ ಫಿಟ್ಸ್ ಬಂದ ಗರ್ಭಿಣಿಗೆ ಕೇಂದ್ರದಲ್ಲೇ ಮ್ಯಾಗ್‌ಸಲ್ಫ್ ಮೊದಲ ಡೋಸ್ ಕೊಟ್ಟು 108ರಲ್ಲಿ ಕಳಿಸಿದರು ಎಂದುಕೊಳ್ಳಿ. ಎಷ್ಟು, ಎಷ್ಟು ಹೊತ್ತಿಗೆ ಎಂದು ಬರೆಯದಿದ್ದರೆ ಆಚೆಯವರು ಮತ್ತೆ ಮೊದಲ ಡೋಸೇ ಕೊಡಬಹುದು; ಮಿತಿ ಮೀರಿದರೆ ಮೊದಲು ಮೊಣಕಾಲಿನ ಪ್ರತಿಕ್ರಿಯೆ, ಆಮೇಲೆ ಉಸಿರೇ ನಿಲ್ಲುವ ಔಷಧಿ ಅದು. ಕೊಟ್ಟಿದ್ದಾರೆಂದು ಊಹಿಸಿ ಬಿಟ್ಟರೆ ಮತ್ತೆ ಫಿಟ್ಸ್. ಚೀಟಿಯ ಜೊತೆ ಒಂದು ಫೋನ್ ಕರೆ, ಅದೇ ನಾಲ್ಕು ಮೆಟ್ಟಿಲಲ್ಲಿ, ಆಂಬುಲೆನ್ಸ್ ಗೇಟು ದಾಟುವ ಮುಂಚೆ. ಆಚೆ ಮಾತಾಡಿದವರ ಹೆಸರನ್ನು ಚೀಟಿಯ ಮೇಲೇ ಬರೆಯಿರಿ, ರೋಗಿಯ ಕಡೆಯವರು ಅಲ್ಲಿ ಯಾರನ್ನು ಕೇಳಬೇಕೆಂದು ಅಲೆಯುವುದು ತಪ್ಪುತ್ತದೆ.

ಸ್ಟೂಲಿನ ಮೇಲೆ ಕೂತವರಿಗೆ

ಎಲ್ಲ ಪಾಳಿಗಳಲ್ಲೂ ಬದಲಾಗದೆ ಇರುವವರು ಮನೆಯವರು ಮಾತ್ರ. ಅದು ದೊಡ್ಡ ಶಕ್ತಿ. ಆಸ್ಪತ್ರೆಗೆ ಹೊರಡುವಾಗ ಫ್ಲಾಸ್ಕ್, ಟವೆಲ್ ಜೊತೆ ಒಂದು ಹಾಳೆಯೂ ಇರಲಿ: ಈಗ ತಗೊಳ್ಳುತ್ತಿರುವ ಮಾತ್ರೆಗಳು (ಆಯುರ್ವೇದ, ನಾಟಿ ಔಷಧಿಯೂ ಸೇರಿ), ಯಾವುದಕ್ಕೆ ಮೈ ಒಗ್ಗುವುದಿಲ್ಲ, ಹಿಂದಿನ ಆಪರೇಷನ್ನುಗಳು. ಪ್ರತಿ ಸಲ ಹೊಸ ಡಾಕ್ಟರು ಬಂದಾಗ ಇದನ್ನೇ ಕೊಡಿ, ನೆನಪಿನಿಂದ ಹೇಳಬೇಡಿ. ಇಂಜೆಕ್ಷನ್ ಕೊಡಲು ಬಂದವರು ರೋಗಿಯ ಹೆಸರು ಕೇಳದಿದ್ದರೆ ನೀವೇ ಹೇಳಿ: "ಸಿಸ್ಟರ್, ಇವರು ಇಂಥವರು. ಇದು ಏನಕ್ಕೆ ಕೊಡ್ತಿರೋದು?" "ನಿನ್ನೆಗಿಂತ ಇವತ್ತು ಬೇರೆ ಥರ ಇದಾರೆ" ಎಂದು ನಿಮಗನಿಸಿದರೆ ಏನು ಬೇರೆ ಎಂದು ಬಿಡಿಸಿ ಹೇಳಿ: ಮಾತಾಡಿಸಿದರೆ ತಡವಾಗಿ ಉತ್ತರಿಸುತ್ತಿದ್ದಾರೆ, ಬೆಳಿಗ್ಗೆಯಿಂದ ಮೂತ್ರ ಆಗಿಲ್ಲ, ಇಡ್ಲಿ ಬೇಕೆಂದಿದ್ದವರು ಮುಟ್ಟಲಿಲ್ಲ. ಹಾಗೆಯೇ ಕೇಳಿ, "ಡಾಕ್ಟರು ಎಷ್ಟು ಹೊತ್ತಿಗೆ ಬಂದು ನೋಡ್ತಾರೆ?" ಸಮಯ ಹೇಳಿಸಿಕೊಂಡ ಪ್ರಶ್ನೆ ಜಗಳವಲ್ಲ. ಹತ್ತು ಜನ ಸಂಬಂಧಿಕರು ಹತ್ತು ಸಲ ಅದನ್ನೇ ಕೇಳಿದರೆ ಮಾತ್ರ ಜಗಳವಾಗುತ್ತದೆ. ಮನೆಯಿಂದ ಒಬ್ಬರೇ ಮಾತಾಡಿ.

ಡಿಸ್ಚಾರ್ಜ್ ದಿನ ಬಿಲ್ಲಿನ ಗಡಿಬಿಡಿಯಲ್ಲಿ "ಎಲ್ಲ ಅರ್ಥ ಆಯ್ತಾ?" ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ತಲೆಯಾಡಿಸಬೇಡಿ, ನಾನೇ ಮಾಡಿ ತೋರಿಸುತ್ತೇನೆ ಎನ್ನಿ. ಇನ್ಸುಲಿನ್ ಇದ್ದರಂತೂ ಬಿಡಲೇಬೇಡಿ. ನಮ್ಮ ಮಾರುಕಟ್ಟೆಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ ಇರುವ ಬಾಟಲೂ ಇದೆ, 100 ಯೂನಿಟ್ ಇರುವುದೂ ಇದೆ. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜ್, ಎರಡನೆಯದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಬಾಟಲಿಯಿಂದ ಕೆಂಪು ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಶುಗರ್ ಇಳಿದು ರೋಗಿ ಎಚ್ಚರ ತಪ್ಪುತ್ತಾರೆ. ಹಾಗಾಗಿ ಮೆಡಿಕಲ್ ಶಾಪಿನಿಂದ ಬಾಟಲು, ಸಿರಿಂಜ್ ಎರಡನ್ನೂ ತಂದು ಮತ್ತೆ ವಾರ್ಡಿಗೇ ಬನ್ನಿ. ನರ್ಸಿನ ಮುಂದೆ ನೀವೇ ಎಳೆದು, ಎಷ್ಟು, ಊಟಕ್ಕೆ ಎಷ್ಟು ಹೊತ್ತಿಗೆ ಮುಂಚೆ, ಶುಗರ್ ಇಳಿದರೆ ಏನು ಮಾಡಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಬಾಯಿಬಿಟ್ಟು ಹೇಳಿ. ಅವರು ಸರಿ ಎಂದ ಮೇಲೆ ಆಟೋ ಕರೆಯಿರಿ.